ಬಂಡೆ ಹತ್ತಿ ನೋಡಿದ ಕಾಡುಕೋಳಿ

ಕಾಡಿನ ಪ್ರಾಣಿಗಳೆಲ್ಲ ಸೇರಿ ಮೊಬೈಲಿನಲ್ಲೊಂದು ಗುಂಪು ಕಟ್ಟಿಕೊಂಡಿದ್ದವು. ಬೇಸಿಗೆಯ ಒಂದು ಮಧ್ಯಾಹ್ನ ಗಿಳಿರಾಯ ಅದರಲ್ಲಿ ಉರಿಯುವ ಕಾಡಿನ ಚಿತ್ರ ಹಾಕಿ, "ಬಡಗಣ ಗುಡ್ಡಕ್ಕೆ ಬೆಂಕಿ! ಎಲ್ಲರೂ ತೆಂಕಣ ಕಣಿವೆಗೆ ಓಡಿ!" ಎಂದು ಬರೆದ. ಜಿಂಕೆಗಳು ಆಗಲೇ ಕಾಲು ಕಿತ್ತವು.

ಕಾಡುಕೋಳಿ ಕೆಂಪಿ ಓಡುವ ಹಾಗಿರಲಿಲ್ಲ. ನೆಲದ ಗೂಡಿನಲ್ಲಿ ಅವಳ ಐದು ಮೊಟ್ಟೆಗಳಿದ್ದವು. ಅವಳು ಚಿತ್ರವನ್ನು ದಿಟ್ಟಿಸಿ ಕೇಳಿದಳು: "ಗಿಳಿರಾಯ, ಇದರಲ್ಲಿ ತೇಗದ ಮರದ ತುಂಬ ಹಸಿರೆಲೆಯಿದೆ. ನಮ್ಮ ತೇಗ ಎಲೆ ಉದುರಿಸಿ ತಿಂಗಳಾಯಿತು. ಈ ಬೆಂಕಿಯನ್ನು ನೀನೇ ಕಂಡೆಯಾ?"

"ಯಾರೋ ಕಳಿಸಿದರು, ನಾನು ದಾಟಿಸಿದೆ. ಒಳ್ಳೆಯದಕ್ಕೇ ಅಲ್ಲವೇ?"

ಕೆಂಪಿ ಗೂಡಿನ ಪಕ್ಕದ ಬಂಡೆಯ ನೆತ್ತಿಗೆ ಹಾರಿದಳು. ಹೊಗೆ ಏಳುತ್ತಿದ್ದುದು ತೆಂಕಣ ಕಣಿವೆಯಿಂದಲೇ! ಕೂಡಲೇ ಬರೆದಳು: "ಈಗಷ್ಟೇ ಕಣ್ಣಾರೆ ಕಂಡೆ. ಬೆಂಕಿ ಕಣಿವೆಯಲ್ಲಿದೆ, ಗಾಳಿ ನಮ್ಮ ಕಡೆಗಿದೆ. ಯಾರೂ ಕೆಳಗಿಳಿಯಬೇಡಿ. ಬಂಡೆಯ ಬುಡಕ್ಕೆ ಬನ್ನಿ, ತರಗೆಲೆ ಕೆದರೋಣ."

ಜಿಂಕೆಗಳು ಅರ್ಧ ದಾರಿಯಿಂದ ತಿರುಗಿ ಬಂದವು. ಹಂದಿಗಳು ಮೂತಿಯಿಂದ, ಕೋಳಿಗಳು ಕಾಲಿನಿಂದ ಕೆದರಿ, ಹಳ್ಳದಿಂದ ಬಂಡೆಯವರೆಗೆ ಬರಿಯ ಮಣ್ಣಿನ ಪಟ್ಟೆ ತೆಗೆದವು. ಬೆಂಕಿ ಅಬ್ಬರಿಸುತ್ತ ಬಂತು. ತಿನ್ನಲು ಒಂದೆಲೆಯೂ ಸಿಗದೆ ಅಲ್ಲೇ ಪ್ರಾಣ ಬಿಟ್ಟಿತು. ಕಾಡಿಗೆ ಕಾಡೇ ಕೇಕೆ ಹಾಕಿತು.

ಮೂರನೆಯ ದಿನ ಮರಿಗಳು ಚಿಪ್ಪೊಡೆದು ಹೊರಬಂದವು. "ಕೆಂಪಿಗೆ ಏಳು ಮರಿಗಳಂತೆ!" ಎಂದು ಗಿಳಿರಾಯ ಗುಂಪಿನಲ್ಲಿ ಬರೆದ. ಮರುಕ್ಷಣವೇ ಅದನ್ನು ಅಳಿಸಿ, ಗೂಡಿನ ಬಳಿಗೆ ಹಾರಿ, ಒಂದೊಂದಾಗಿ ಎಣಿಸಿ ಮತ್ತೆ ಬರೆದ:

"ಐದು. ನಾನೇ ಕಂಡೆ."