ಹೆಚ್ಚು ಕಾಸಿದ ಕೊಕ್ಕೆ

"ಗುರುಗಳೇ, ನಾಳೆ ನಮ್ಮ ಹನ್ನೆರಡು ಜನರನ್ನ ಹನ್ನೆರಡು ಊರಿಗೆ ಕಳಿಸ್ತಿದ್ದೀರಿ. ಒಬ್ಬೊಬ್ಬರೇ ಹೋಗಿ ಮದ್ದು ಕೊಟ್ಟರೆ ನಮ್ಮನ್ನ ಯಾರು ಕೇಳ್ತಾರೆ? ಎಲ್ಲರೂ ಇಲ್ಲೇ ಒಟ್ಟಿಗಿದ್ದರೆ ತಾನೇ ಬಲ? ನಾನಂತೂ ಹೋಗಲ್ಲ," ಅಂದ ಶಿಷ್ಯ.

ಗುರುಗಳು ಬೇರು ಅರೆಯೋದನ್ನ ನಿಲ್ಲಿಸದೆ ಹೇಳಿದರು.

ಒಬ್ಬ ಕಮ್ಮಾರ ಇದ್ದ. ಗಂಟೆ ಎರಕ ಹೊಯ್ಯುವವನೊಬ್ಬ ಬಂದು, ಕರಗಿದ ಕಂಚಿನ ಮೂಸೆ ನೇತುಹಾಕೋಕೆ ಒಂದು ಕೊಕ್ಕೆ ಕೇಳಿದ. ಬರೀ ಕಬ್ಬಿಣ ಆ ಬಿಸಿಗೆ ಮೆತ್ತಗಾಗುತ್ತೆ. ಅದಕ್ಕೆ ಕಮ್ಮಾರ ಕಬ್ಬಿಣದ ಪುಡಿಗೆ ಬೆಂಕಿಗೂ ಕರಗದ ಒಂದು ಭಸ್ಮ ಸೇರಿಸಿ ಮೂರು ದಿನ ಅರೆದ. ಭಸ್ಮ ಕಣ್ಣಿಗೆ ಕಾಣದ ಹಾಗೆ ಎಲ್ಲ ಕಡೆ ಹರಡಿತು. ಇನ್ನು ಅದನ್ನ ಅಚ್ಚಿಗೆ ತುಂಬಿ, ಕಾಸಿ, ಒತ್ತಿ ಬೆಸೆಯಬೇಕು. ಗಟ್ಟಿಯಾಗಲಿ ಅಂತ ಅವನು ಎರಡು ಪಾಲು ಹೆಚ್ಚು ಇದ್ದಿಲು ಸುರಿದ. ಕೊಕ್ಕೆ ಬಹಳ ಚೆನ್ನಾಗಿ ಹೊಳೆಯಿತು.

ಎರಕದವನು ಮೂಸೆ ನೇತುಹಾಕಿದ. ಕೊಕ್ಕೆ ದೊಡ್ಡವರಿಗೆ ನಮಸ್ಕಾರ ಮಾಡೋ ಹಾಗೆ ನಿಧಾನಕ್ಕೆ ಬಾಗಿತು. ಕಂಚೆಲ್ಲ ನೆಲದ ಪಾಲು. ಅವನು ಎಲೆಅಡಿಕೆ ಉಗುಳೋಕೆ ಆಚೆ ಹೋಗಿದ್ದ, ಬದುಕಿದ. ಅವನ ಬುತ್ತಿ ಬದುಕಲಿಲ್ಲ.

ಕಮ್ಮಾರ ಕೊಕ್ಕೆಯನ್ನ ಮುರಿದು ಭೂತಗನ್ನಡಿ ಹಿಡಿದ. ಹೆಂಡತಿಯೂ ಬಗ್ಗಿ ನೋಡಿದಳು. ಹರಡಿದ್ದ ಭಸ್ಮ ಅಲ್ಲಲ್ಲಿ ಗಂಟುಗಂಟಾಗಿ ಕೂಡಿಕೊಂಡಿತ್ತು. ನಡುವೆಯೆಲ್ಲ ಬರೀ ಕಬ್ಬಿಣ.

"ಅಷ್ಟು ಉರಿ ಯಾಕೆ ಹಾಕಿದ್ರಿ?"

"ಗಟ್ಟಿಯಾಗಲಿ ಅಂತ ಕಣೇ."

"ಚೆನ್ನಾಗಾಯ್ತು. ಉರಿ ಜಾಸ್ತಿಯಾದಾಗ ಭಸ್ಮದ ಸಣ್ಣ ಕಣವೆಲ್ಲ ಸವೆದು ದೊಡ್ಡದರ ಜೊತೆ ಸೇರಿಬಿಟ್ಟಿದೆ. ಮಿಕ್ಕ ಜಾಗದಲ್ಲಿ ಕಬ್ಬಿಣ ಜಾರಿದ್ರೆ ಹಿಡಿಯೋರು ಯಾರಿದ್ದಾರೆ?"

ಕಮ್ಮಾರ ಮತ್ತೆ ಮೂರು ದಿನ ಅರೆದ. ಈ ಸಲ ಪುಡಿ ಬೆಸೆಯೋಕೆ ಎಷ್ಟು ಬೇಕೋ ಅಷ್ಟೇ ಉರಿ ಇಟ್ಟ, ಒತ್ತೋದನ್ನ ಮಾತ್ರ ಹೆಚ್ಚಿಸಿದ. ಭಸ್ಮದ ಕಣಗಳು ಸಣ್ಣವಾಗೇ, ಇದ್ದಲ್ಲೇ ಉಳಿದವು. ಕೊಕ್ಕೆಗೆ ಹೊಳಪು ಬರಲಿಲ್ಲ. ಎರಕದವನು ಮೂಸೆ ನೇತುಹಾಕಿ, ಮೊದಲು ಬುತ್ತಿಯನ್ನ ದೂರ ಇಟ್ಟು, ತಾನೂ ದೂರ ನಿಂತ. ಕೊಕ್ಕೆ ಅಲುಗಲಿಲ್ಲ. ಅವತ್ತು ಗಂಟೆ ಎರಕವಾಯಿತು.

ಶಿಷ್ಯ ಕೇಳಿದ, "ಆದರೆ ಗುರುಗಳೇ, ಒಂದು ಕಣ ಒಂಟಿಯಾಗಿ ಎಷ್ಟು ತಾನೇ ಹಿಡಿದೀತು?"

ಗುರುಗಳು ಅರೆದ ಮದ್ದನ್ನ ಎಲೆಗೆ ತೆಗೆದು ಹೇಳಿದರು: "ನೀನು ಹೋಗೋ ಊರಲ್ಲಿ ಮದ್ದು ಕೊಡೋರು ಒಬ್ಬರೂ ಇಲ್ಲ, ನಿನಗೆ ಅಂತ ನಿನ್ನೆಯೇ ಒಂದು ಕೋಣೆ ಗುಡಿಸಿಟ್ಟಿದ್ದಾರೆ."

ಶಿಷ್ಯ ಮದ್ದಿನ ಎಲೆಯನ್ನ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡ.