ಕಾಯಿನನಿಗೆ ಹೆಣ್ಣು ಕೊಟ್ಟವರು

"ಅಯ್ಯನವರೇ, ಲೋಕದಲ್ಲಿ ಇದ್ದವರು ಆದಾಮ, ಹವ್ವ, ಅವರ ಇಬ್ಬರು ಗಂಡುಮಕ್ಕಳು," ಎಂದ ಶಿಷ್ಯ ದೇವಪುತ್ರ. "ತಮ್ಮ ಹೇಬೆಲ ಸತ್ತ. ಕೊಂದ ಅಣ್ಣ ಕಾಯಿನ ದೇಶಾಂತರ ಹೋದ. ಹೋದವನಿಗೆ ಹೆಂಡತಿ! ಹೆಣ್ಣು ಕೊಟ್ಟ ಮಾವ ಯಾರು? ಇದು ತಿಳಿಯುವ ತನಕ ಪ್ರಾರ್ಥನೆಯಲ್ಲಿ ನನ್ನ ಮನಸ್ಸು ನಿಲ್ಲದು."

ಅಯ್ಯನವರು ನಕ್ಕು ಈ ಕತೆ ಹೇಳಿದರು.

ಒಬ್ಬ ರೈತನಿಗೆ ಬಹುಕಾಲದ ಮೇಲೆ, ದೇವರ ದಯೆಯಿಂದ, ಒಂದು ಗಂಡುಮಗು ಹುಟ್ಟಿತು. ಸುಗ್ಗಿ ಮುಗಿಯುತ್ತಲೇ ಹೆಳವ ಎತ್ತನ್ನೇರಿ ಬಂದ. ಮನೆತನಗಳ ವಂಶ ಹೇಳಿ ಕಾಳು ಪಡೆಯುವುದು ಅವನ ಕಸುಬು. ಮಗನ ಹೆಸರು ವಂಶಕ್ಕೆ ಸೇರಬೇಕೆಂದು ರೈತನ ಜೀವ ಹಂಬಲಿಸುತ್ತಿತ್ತು. ಆದರೆ ಹೊಸ ಹೆಸರು ಸೇರುವಾಗ ಅಣ್ಣತಮ್ಮಂದಿರು ಒಂದೇ ಮೊರ ಹಿಡಿದು ಕಾಳು ನೀಡಬೇಕು, ಅದು ಆ ಮನೆಯ ಪದ್ಧತಿ. ಈ ರೈತನೋ, ಹೊಲದ ಬದುವಿನ ಜಗಳದಲ್ಲಿ ತಮ್ಮನನ್ನು ಹೊಡೆದು ಹೊರಗೆ ಹಾಕಿದ್ದ.

ಹೆಳವ ಮೂಲಪುರುಷನಿಂದ ಶುರುಮಾಡಿದ. ತಮ್ಮನ ಹೆಸರು ಬಂದೀತೆಂದು ರೈತನಿಗೆ ದಿಗಿಲು. ನಡುವೆ ಬಾಯಿ ಹಾಕಿದ.

"ತಡಿ, ತಡಿ. ಮೂಲಪುರುಷನ ಹೆಂಡತಿ ಯಾವೂರವಳು?"

"ಆ ಊರಿಗೆ ನಮ್ಮ ಎತ್ತು ಹೋಗಿಲ್ಲ, ಧಣಿ."

"ಅವನ ಮಗ ನೂರಿಪ್ಪತ್ತು ವರ್ಷ ಬದುಕಿದ ಅಂದೆಯಲ್ಲ, ಕೊನೆಗೆ ಹಲ್ಲಿದ್ದವೋ?"

"ಹಲ್ಲಿನ ವಂಶ ನಮ್ಮ ಕಸುಬಲ್ಲ, ಧಣಿ."

ಹೀಗೆ ರೈತ ಹೆಳವನನ್ನು ಮುತ್ತಜ್ಜನ ಕಾಲದಿಂದ ಈಚೆಗೆ ಬರಗೊಡಲಿಲ್ಲ. ಎತ್ತು ಬೇಸತ್ತು ಅಂಗಳದಲ್ಲೇ ಮಲಗಿತು. ಒಳಗಿನಿಂದ ಹೆಂಡತಿ ಕೂಸನ್ನೆತ್ತಿಕೊಂಡು ಬಂದಳು.

"ಸತ್ತವರ ಹಲ್ಲು ಎಣಿಸಿದ್ದು ಸಾಕು. ಹುಟ್ಟಿದ್ದು ಇಲ್ಲಿ ಅಳುತ್ತಿದೆ," ಎಂದಳು.

ಹೆಳವ ಕೈಮುಗಿದ. "ಆ ಮೂಲಪುರುಷನ ಹೆಂಡತಿಯ ತೌರು ನನಗೆ ತಿಳಿದರೂ ಈ ಕೂಸು ವಂಶಕ್ಕೆ ಸೇರುವುದಿಲ್ಲ, ಧಣಿ. ಮೊರಕ್ಕೆ ಇನ್ನೊಂದು ಜೊತೆ ಕೈ ಬೇಕು."

ರೈತನಿಗೆ ಕೇಳಲು ಬೇರೆ ಪ್ರಶ್ನೆ ಉಳಿದಿರಲಿಲ್ಲ. ತಲೆ ತಗ್ಗಿಸಿ, ತಮ್ಮನು ಬಿಡಾರ ಹೂಡಿದ್ದ ಕೇರಿಯ ಕಡೆ ನಡೆದ.

ಇಷ್ಟು ಹೇಳಿ ಅಯ್ಯನವರು ಕತೆ ಮುಗಿಸಿದರು. ದೇವಪುತ್ರ ಬಿಡಲಿಲ್ಲ.

"ಕತೆ ಚೆನ್ನಾಗಿದೆ, ಅಯ್ಯನವರೇ. ಆದರೆ ಕಾಯಿನನ ಹೆಂಡತಿ?"

"ಅವಳ ಸಂಗತಿಯನ್ನು ದೇವರೇ ಕೇಳಲಿಲ್ಲ, ಮಗು, ಆತನು ಕಾಯಿನನನ್ನು ಕೇಳಿದ್ದು, ನಿನ್ನ ತಮ್ಮನೆಲ್ಲಿ ಎಂದು."