ಮೇಜಿನ ಕಾಲು, ಸ್ಟೂಲಿನ ಬೆನ್ನು

ಫಿಲೋಮಿನಮ್ಮ ಹಿತ್ತಲ ಶೆಡ್ಡಿನಲ್ಲಿ ಮರಗೆಲಸ ಶುರುಮಾಡಬೇಕೆಂದು ಎಲ್ಲಕ್ಕಿಂತ ಮೊದಲು ಒಂದು ಕೆಲಸದ ಮೇಜು ಮಾಡಿದರು. ಮೇಜು ಮಾಡುವುದಕ್ಕೆ ಮೇಜಿರಲಿಲ್ಲವಾದ್ದರಿಂದ ಅಡುಗೆಮನೆಯ ಸ್ಟೂಲಿನ ಮೇಲೆಯೇ ಹಲಗೆಗಳನ್ನಿಟ್ಟು ಕೊಯ್ದಿದ್ದರು.

ಎದ್ದು ನಿಂತ ಮೇಜಿಗೆ ಮೂಲೆಯಲ್ಲಿದ್ದ ಸ್ಟೂಲನ್ನು ಕಂಡರೆ ಮುಜುಗರ. "ಮೈತುಂಬ ಗಾಯ ಮಾಡಿಕೊಂಡು ಇಲ್ಲೇಕೆ ಕೂತಿದ್ದೀಯ? ನಿನಗಿನ್ನು ಒಲೆಯೇ ಸರಿ," ಎಂದಿತು.

"ಒಡತಿ ಹೇಳಿದ ದಿನ ಹೋಗುತ್ತೇನೆ," ಎಂದಿತು ಸ್ಟೂಲು.

ಮರುದಿನ ಫಿಲೋಮಿನಮ್ಮ ಕೆಲಸಕ್ಕೆ ನಿಂತರೆ ಮೇಜಿನ ಮೇಲಿಟ್ಟ ಮೊಣಕೈ ಭುಜದ ಮಟ್ಟಕ್ಕೆ ಬಂತು. ಅಂಗಡಿಯಲ್ಲಿ ಕಂಡ ಮೇಜಿನ ಅಳತೆ ತಂದಿದ್ದರೇ ಹೊರತು ತಮ್ಮ ಗಿಡ್ಡ ಮೈಯ ಅಳತೆ ಹಿಡಿದಿರಲಿಲ್ಲ. "ಕಾಲು ಕೊಯ್ಯಲೇಬೇಕು," ಎನ್ನುತ್ತ ಮೇಜನ್ನು ಮಲಗಿಸಿ, ಅದರ ಕಾಲನ್ನು ಸ್ಟೂಲಿನ ಮೇಲಿಟ್ಟು ಗರಗಸ ಎತ್ತಿಕೊಂಡರು.

ಮೇಜು ಗಡಗಡ ನಡುಗಿತು.

"ನನ್ನ ಮೇಲೆ ಭಾರ ಬಿಡು," ಎಂದಿತು ಸ್ಟೂಲು. "ಹಲಗೆಯಾಗಿದ್ದಾಗಲೂ ನೀನು ಇಲ್ಲೇ ಮಲಗಿದ್ದೆ. ಆಗಲೂ ಹೀಗೇ ನಡುಗಿದ್ದೆ. ಅಲುಗಾಡಿದರೆ ಮಾತ್ರ ನೋವು."

ಮೇಜು ಭಾರ ಬಿಟ್ಟಿತು. ಗರಗಸ ಕಾಲನ್ನು ದಾಟಿ ಸ್ಟೂಲಿನ ಮೈಗೆ ತಾಗಿ ನಿಂತಿತು. ಹಳೆಯ ಗಾಯಗಳ ಪಕ್ಕದಲ್ಲಿ ಹೊಸದೊಂದು ಮೂಡಿತು. ಮೇಜು ಆ ಗಾಯಗಳನ್ನೆಲ್ಲ ಮತ್ತೊಮ್ಮೆ ನೋಡಿತು.

ಕಾಲುಗಳೆಲ್ಲ ಸಮವಾದ ಮೇಲೆ ಫಿಲೋಮಿನಮ್ಮ ಮೇಜನ್ನು ನಿಲ್ಲಿಸಿ, ಸ್ಟೂಲನ್ನು ಅದರಡಿಗೆ ತಳ್ಳಿ, ಮೊದಲ ಹಲಗೆಯನ್ನು ಮೇಜಿನ ಮೇಲಿಟ್ಟರು. ಗರಗಸ ಕಂಡು ಹಲಗೆ ನಡುಗಿತು.

"ನನ್ನ ಮೇಲೆ ಭಾರ ಬಿಡು," ಎಂದಿತು ಮೇಜು.